ಪಾವ್ ಕಿಲೋ ತೊಗರಿ ಹೊತ್ತ ಲಾರಿ

ಶರಣಬಸವೇಶ್ವರ ಜಾತ್ರೆಯಲ್ಲಿ ಆ ಲಾರಿ ಕೊಂಡಿದ್ದು ಮಗಳಿಗಾಗಿ. ಮನೆಯಲ್ಲಿ ಹಾಗೇ ಹೇಳಿದ್ದೇನೆ, ಇಲ್ಲೂ ಹಾಗೇ ಹೇಳುತ್ತೇನೆ.

ಹೋಳಿ ಆದ ಐದನೇ ದಿನ ಕಲಬುರಗಿಯಲ್ಲಿ ತೇರು. ತೇರಿಗೆ ಉತ್ತತ್ತಿ ಎಸೆದು, ನೂಕುನುಗ್ಗಲಿನಿಂದ ಹೇಗೋ ಹೊರಗೆ ಬಂದರೆ ಎದುರಿಗೇ ಆಟಿಕೆ ಅಂಗಡಿಗಳ ಸಾಲು. ಹಳದಿ ಬಣ್ಣದ ಲಾರಿ, ಹಿಂದೆ ತೆರೆದ ಡಬ್ಬ, ಕೈಯಲ್ಲಿ ಎರಡು ಕಡ್ಡಿಯ ರಿಮೋಟು. 380 ಹೇಳಿದ. ಜೊತೆಗೆ ಬಂದಿದ್ದ ಪಕ್ಕದ ಮನೆಯವರೂ ತಮ್ಮ ಹುಡುಗನಿಗೆ ಒಂದು ಬೇಕು ಅಂದರು. ಎರಡಕ್ಕೆ 600 ಅಂತ ತೀರ್ಮಾನ ಆಯಿತು. ಅಗ್ಗಕ್ಕೆ ಸಿಕ್ಕಿತು ಅಂತ ಇಬ್ಬರೂ ಖುಷಿಯಾಗಿ ಬಂದೆವು. ಒಂದೇ ಥರದ ಎರಡು ಲಾರಿ ಅಕ್ಕಪಕ್ಕದ ಮನೆಗೆ ತಂದಿದ್ದು ಎಂಥ ತಪ್ಪು ಅಂತ ಮರುದಿನ ಗೊತ್ತಾಯಿತು.

ಬೆಳಿಗ್ಗೆ ಮಗಳು ಅಂಗಳದಲ್ಲಿ ರಿಮೋಟ್ ಒತ್ತಿದಳು. ನಮ್ಮ ಲಾರಿ ಮುಂದೆ ಹೋಯಿತು. ಪಕ್ಕದ ಮನೆ ಕಟ್ಟೆಯ ಮೇಲಿದ್ದ ಅವರ ಲಾರಿಯೂ ಮುಂದೆ ಹೋಯಿತು, ಕಟ್ಟೆಯಿಂದ ಕೆಳಗೆ ಬಿತ್ತು. ಹುಡುಗ ಅಳುತ್ತಾ ಅವನ ರಿಮೋಟ್ ಒತ್ತಿದ. ನಮ್ಮದು ಹಿಂದಕ್ಕೆ ಬಂದು ನನ್ನ ಚಹಾ ಕಪ್ಪಿಗೆ ಗುದ್ದಿತು.

ಅಂದು ಸಂಜೆಯೇ ಸ್ಕ್ರೂಡ್ರೈವರ್ ತಗೊಂಡು ಕೂತೆ.

ನಾನು ಕಪನೂರು ಕಡೆ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ಇಂಜಿನಿಯರ್ ಏನಲ್ಲ. ಹುಡುಗನಾಗಿದ್ದಾಗ ರೇಡಿಯೋ ರಿಪೇರಿ ಅಂಗಡಿಯಲ್ಲಿ ಎರಡು ಬೇಸಿಗೆ ಕೂತಿದ್ದೆ, ಅಷ್ಟೇ ಬಂಡವಾಳ. ಆದರೆ ದಿನವಿಡೀ ಲಾರಿ ನೋಡುತ್ತೇನೆ. ತೊಗರಿ ಇಳಿಯುತ್ತದೆ, ಬೇಳೆ ಏರುತ್ತದೆ, ನಾನು ತೂಕದ ಚೀಟಿ ಬರೆಯುತ್ತೇನೆ. ಅದಕ್ಕೇ ಈ ಪುಟ್ಟ ಲಾರಿ ನೋಡಿದ ಕೂಡಲೇ ತಲೆಗೆ ಬಂದಿದ್ದು ಒಂದೇ: ಇದು ಎಷ್ಟು ತೊಗರಿ ಹೊರುತ್ತದೆ?

ಏನೂ ಹೊರಲಿಲ್ಲ. ಒಂದು ಮುಷ್ಟಿ ಹಾಕಿದರೆ ಹಿಂದಿನ ಚಕ್ರ ಗುಂಯ್ ಅಂತ ತಿರುಗುತ್ತಿತ್ತು, ಲಾರಿ ನಿಂತಲ್ಲೇ. ನಮ್ಮ ಮನೆ ನೆಲ ಶಹಾಬಾದ್ ಫರಸಿ. ಮೂವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಂತಾಗಿದೆ. ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ ಚಕ್ರ ಹಿಡಿಯುವುದಾದರೂ ಏನನ್ನು? ಆದರೂ ಗುರಿ ಇಟ್ಟುಕೊಂಡೆ. ಎರಡಡಿ ಉದ್ದದ ಫರಸಿ ಚಪ್ಪಡಿಯನ್ನು ಅಂಗಳದಿಂದ ಅರ್ಧ ಅಡಿ ಎತ್ತರದ ಕಟ್ಟೆಗೆ ಒರಗಿಸುವುದು, ಪಾವ್ ಕಿಲೋ, ಅಂದರೆ 250 ಗ್ರಾಂ, ತೊಗರಿ ಹೊತ್ತು ಲಾರಿ ಅದನ್ನು ಹತ್ತಬೇಕು.

ಮೊದಲು ಇದು ಏನು ಅಂತ ತಿಳಿಯಬೇಕಲ್ಲ. ಲಾರಿ ತುಂಬಿ ಕೊಟ್ಟ ಡಬ್ಬದ ಮೇಲೆ ಕಂಪನಿ ಹೆಸರಿಲ್ಲ, ವಿಳಾಸವಿಲ್ಲ. 2021ರ ಜನವರಿ 1ರಿಂದ ನಮ್ಮಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ, ಬ್ಯಾಟರಿ ಆಟಿಕೆಗಾದರೆ ಐಎಸ್ 15644 ಅನ್ನುವ ನಂಬರು. ಜಾತ್ರೆಯ ಗಲಾಟೆಯಲ್ಲಿ ಯಾರು ನೋಡುತ್ತಾರೆ? ನಾನೂ ನೋಡಿರಲಿಲ್ಲ. ಇದರ ಮೇಲೆ ಆ ಗುರುತೂ ಇರಲಿಲ್ಲ. ಇದ್ದದ್ದು 1:24 ಅನ್ನುವ ಅಂಕಿ ಮಾತ್ರ, ಅಂದರೆ ನಿಜವಾದ ಲಾರಿಗಿಂತ 24 ಪಟ್ಟು ಚಿಕ್ಕದು ಅಂತ. ಅದೂ ಸುಳ್ಳು. ನಿಜವಾದ ಲಾರಿಯ ಅಗಲ ಸುಮಾರು ಎರಡೂವರೆ ಮೀಟರ್, ಅಂದರೆ 2500 ಮಿಲಿಮೀಟರ್. ನಮ್ಮದನ್ನು ಅಳೆದರೆ 66. ಭಾಗಿಸಿದರೆ 38 ಬರುತ್ತದೆ. ಇದು 1:38ರ ಲಾರಿ. ಡಬ್ಬದ ಮಾತು ನಂಬಿ 1:24ರ ಟೈರು ತರಿಸಿದ್ದರೆ ಟ್ರ್ಯಾಕ್ಟರ್ ಆಗಿಬಿಡುತ್ತಿತ್ತು.

ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ ಬೆರಳಗಲದ ಕಂದು ಬೋರ್ಡು. ಅದರ ಮೇಲೆ ಹದಿನಾರು ಕಾಲಿನ ಒಂದೇ ಚಿಪ್ಪು. ಭೂತಗನ್ನಡಿ ಹಿಡಿದು ಓದಿದೆ: ಆರ್‌ಎಕ್ಸ್-2ಬಿ. ರಿಮೋಟ್ ಬಿಚ್ಚಿದರೆ ಅದರ ಜೋಡಿ ಟಿಎಕ್ಸ್-2ಬಿ. ಅಲ್ಲಿಗೆ ಅರ್ಧ ಗುಟ್ಟು ಬಯಲು. ಅಗ್ಗದ ರಿಮೋಟ್ ಗಾಡಿಗಳಲ್ಲಿ ದಶಕಗಳಿಂದ ಕೂತಿರುವ ಚಿಪ್ಪು ಇದು. ಇದರ ಭಾಷೆ ಬಹಳ ಸರಳ. ರಿಮೋಟು ಮೊದಲು ನಾಲ್ಕು ಉದ್ದ ಮಿಡಿತ ಕಳಿಸುತ್ತದೆ, ಕಿವಿಗೊಡು ಅನ್ನುವ ಹಾಗೆ. ಆಮೇಲೆ ಸಣ್ಣ ಮಿಡಿತಗಳು. ಹತ್ತು ಬಂದರೆ ಮುಂದೆ. ನಲವತ್ತು ಬಂದರೆ ಹಿಂದೆ. 58 ಎಡ, 64 ಬಲ. ಈ ಚಿಪ್ಪಿರುವ ಎಲ್ಲ ಗಾಡಿಗೂ ಇದೇ ಲೆಕ್ಕ. ಇದು ನನ್ನ ಲಾರಿ, ಅದು ನಿನ್ನ ಲಾರಿ ಅಂತ ಹೇಳುವ ಗುರುತು ಅದರಲ್ಲಿ ಇಲ್ಲವೇ ಇಲ್ಲ. ಎರಡು ರಿಮೋಟೂ 27 ಮೆಗಾಹರ್ಟ್ಜ್. ಒಂದು ಕೂಗಿದರೆ ಎರಡು ಲಾರಿಯೂ ಓಗೊಡುತ್ತವೆ. 2.4 ಗಿಗಾಹರ್ಟ್ಜ್‌ನ ಗಾಡಿಗಳಲ್ಲಿ ಈ ತಾಪತ್ರಯ ಇಲ್ಲ, ಅವು ಸಾಮಾನ್ಯವಾಗಿ ತಮ್ಮ ರಿಮೋಟನ್ನು ಗುರುತಿಟ್ಟುಕೊಳ್ಳುತ್ತವೆ. ಹೊರಗಿನಿಂದಲೇ ಗುರುತು ಹಿಡಿಯಲು ಒಂದು ಉಪಾಯ: ಗಾಡಿಯಿಂದಲೋ ರಿಮೋಟಿನಿಂದಲೋ ಉದ್ದ ಆಂಟೆನಾ ತಂತಿ ಹೊರಗೆ ಇಣುಕುತ್ತಿದ್ದರೆ ಅದು ಹಳೆ 27 ಅಥವಾ 49ರ ಜಾತಿ.

ಇನ್ನೊಂದು ಗೊತ್ತಾಗಿದ್ದು, ಈ ಚಿಪ್ಪಿಗೆ ಮೆಲ್ಲಗೆ ಅನ್ನುವುದು ಗೊತ್ತೇ ಇಲ್ಲ. ಒತ್ತಿದರೆ ಪೂರ್ತಿ, ಬಿಟ್ಟರೆ ಸೊನ್ನೆ. ಸ್ಟೇರಿಂಗೂ ಹಾಗೇ.

ಇಷ್ಟೆಲ್ಲ ತಿಳಿದ ಮೇಲೂ ನಾನು ಮೊದಲು ಮಾಡಿದ್ದು ದಡ್ಡತನವೇ. ಶಕ್ತಿ ಸಾಲದು, ವೋಲ್ಟೇಜ್ ಏರಿಸೋಣ ಅಂದುಕೊಂಡೆ. ಮೂರು ಪೆನ್ಸಿಲ್ ಸೆಲ್ಲಿನ 4.5 ವೋಲ್ಟ್ ಜಾಗಕ್ಕೆ ಎರಡು 18650 ಲಿಥಿಯಂ ಸೆಲ್ಲು ಸಾಲಾಗಿ ಹಾಕಿದೆ. ಪೂರ್ತಿ ಚಾರ್ಜ್ ಆದಾಗ ಅದು 8.4 ವೋಲ್ಟ್. ಲಾರಿ ಬಾಣದ ಹಾಗೆ ಹೋಗಿ ಗೋಡೆಗೆ ಹೊಡೆಯಿತು. ಮಗಳು ಚಪ್ಪಾಳೆ ತಟ್ಟಿದಳು. ಉತ್ಸಾಹ ಬಂದು ತೊಗರಿ ಹಾಕಿ ಚಪ್ಪಡಿಗೆ ಹಚ್ಚಿದೆ. ಚಕ್ರಕ್ಕೆ ಹಳೆ ಬಟ್ಟೆ ಪಟ್ಟಿ ಸುತ್ತಿದ್ದೆ, ಜಾರದಿರಲಿ ಅಂತ. ಜಾರಲಿಲ್ಲ. ತಿರುಗಲೂ ಇಲ್ಲ. ನಾನು ರಿಮೋಟ್ ಒತ್ತೇ ಹಿಡಿದಿದ್ದೆ.

"ಪಪ್ಪಾ, ಹೊಗಿ ಬರ್ಲತ್ತದ!"

ಕ್ಯಾಬಿನ್ ಕಿಟಕಿಯಿಂದ ತೆಳ್ಳಗೆ, ನೆಟ್ಟಗೆ ಒಂದು ಎಳೆ ಹೊಗೆ. ಆ ವಾಸನೆ ಒಮ್ಮೆ ಮೂಗಿಗೆ ಹೊಡೆದರೆ ಮರೆಯುವುದಿಲ್ಲ. ಬಿಚ್ಚಿ ನೋಡಿದರೆ ಮೋಟಾರ್ ನಡೆಸುವ ನಾಲ್ಕು ಪುಟ್ಟ ಟ್ರಾನ್ಸಿಸ್ಟರ್‌ಗಳಲ್ಲಿ ಎರಡರ ಹೊಟ್ಟೆ ಒಡೆದಿತ್ತು. ಎಸ್8050, ಎಸ್8550 ಅಂತ ಅವುಗಳ ಹೆಸರು.

ಲೆಕ್ಕ ಬರೆಯುವವನು ಲೆಕ್ಕ ಹಾಕಿದ್ದು ಸುಟ್ಟ ಮೇಲೆ. ಮಲ್ಟಿಮೀಟರ್ ಹಚ್ಚಿ, ಮೋಟಾರಿನ ಹಲ್ಲನ್ನು ಬೆರಳಲ್ಲಿ ತಡೆದು ನೋಡಿದೆ. 4.5 ವೋಲ್ಟಿಗೆ 1.3 ಆಂಪಿಯರ್ ಎಳೆಯುತ್ತಿತ್ತು. 8.4ಕ್ಕೆ ಅದು 2.4ರ ಹತ್ತಿರ. ಆ ಟ್ರಾನ್ಸಿಸ್ಟರುಗಳು ಯಾರು ಮಾಡಿದ್ದು ಅನ್ನುವುದರ ಮೇಲೆ ಅರ್ಧದಿಂದ ಒಂದೂವರೆ ಆಂಪಿಯರ್ ತಡೆಯುವಂಥವು. ಓಡುವ ಮೋಟಾರು ಕಡಿಮೆ ತಿನ್ನುತ್ತದೆ, ನಿಂತ ಮೋಟಾರೇ ಜಾಸ್ತಿ ತಿನ್ನುವುದು. ಏರಿನಲ್ಲಿ ಸಿಕ್ಕಿಕೊಂಡ ಲಾರಿಯ ರಿಮೋಟನ್ನು ಒತ್ತಿ ಹಿಡಿಯುವುದು ಅಂದರೆ ಅದರ ಕುತ್ತಿಗೆ ಹಿಸುಕಿದ ಹಾಗೆ.

ಸೂಪರ್ ಮಾರ್ಕೆಟ್ ಕಡೆ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಬೋರ್ಡ್ ಒಯ್ದೆ. ಅಂಗಡಿಯವರು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದರು.

"ಇದನ್ನ ಯಾಕ ಬಿಚ್ಚೀರಿ? ಯೂಸ್ ಅಂಡ್ ಥ್ರೋ ಅದರಿ ಇದು."

"ಚಿಪ್ಪು ಬದುಕ್ಯಾದೇನು ನೋಡ್ರಿ."

ಬೋರ್ಡಿಗೆ 4.5 ವೋಲ್ಟ್ ಕೊಟ್ಟರು. ಎಲ್‌ಇಡಿ ಒಂದಕ್ಕೆ ಒಂದು ಕಿಲೋ ಓಮ್ ರೆಸಿಸ್ಟರ್ ಬೆಸೆದರು. ಚಿಪ್ಪಿನ ಕಾಲು ಎಣಿಸುವುದು ಚುಕ್ಕೆ ಇರುವ ಮೂಲೆಯಿಂದ, ಎಡಗಡೆ ಕೆಳಗಿಳಿದು ಬಲಗಡೆ ಮೇಲೇರುತ್ತಾ. ಹನ್ನೊಂದನೇ ಕಾಲಿಗೆ ಎಲ್‌ಇಡಿ ಮುಟ್ಟಿಸಿ ನನಗೆ ರಿಮೋಟ್ ಒತ್ತಲು ಹೇಳಿದರು. ಮುಂದೆ ಒತ್ತಿದೆ, ಹತ್ತಿತು. ಬಿಟ್ಟೆ, ಆರಿತು. ಹತ್ತನೇ ಕಾಲಿಗೆ ಮುಟ್ಟಿಸಿದರು, ಹಿಂದೆ ಒತ್ತಿದರೆ ಹತ್ತಿತು. ಆರು ಬಲ, ಏಳು ಎಡ. ನಾಲ್ಕೂ ಸರಿ. ಕೈಕಾಲು ಸುಟ್ಟಿತ್ತು, ತಲೆ ಚೆನ್ನಾಗಿತ್ತು. ಎಂಟು ವೋಲ್ಟಿಗೂ ಚಿಪ್ಪು ಸಾಯದೆ ಉಳಿದದ್ದು ಅದರ ದಾರಿಯಲ್ಲಿ ಕೂತು ವೋಲ್ಟೇಜ್ ಮಿತಿ ಮೀರದಂತೆ ತಡೆದ ಒಂದು ಝೀನರ್ ಡಯೋಡಿನ ಪುಣ್ಯ.

"ಹಂಗಾದ್ರ ಡ್ರೈವರ್ ಬೋರ್ಡ್ ಹಚ್ಚರಿ" ಅಂದರು. ಅವರ ಹತ್ತಿರ ಇರಲಿಲ್ಲ, ನೆಟ್‌ನಲ್ಲಿ ತರಿಸಿ ಅಂದರು. ಎಲ್‌ಇಡಿಗೆ ಎರಡು ರೂಪಾಯಿ ತಗೊಂಡರು, ಬುದ್ಧಿಗೆ ಏನೂ ತಗೊಳ್ಳಲಿಲ್ಲ.

ತರಿಸಿದ್ದು ಇಷ್ಟು: ಸುಟ್ಟ ಟ್ರಾನ್ಸಿಸ್ಟರುಗಳ ಬದಲು ಮೋಟಾರ್ ನಡೆಸಲು ಡಿಆರ್‌ವಿ8833 ಅನ್ನುವ ಉಗುರಿನಷ್ಟು ಡ್ರೈವರ್ ಬೋರ್ಡು, ಎನ್20 ಗೇರ್ ಮೋಟಾರ್ ಎರಡು, ಟಿಪಿ4056 ಚಾರ್ಜರ್ ಬೋರ್ಡು. ಎಲ್ಲ ಸೇರಿ ಲಾರಿಗಿಂತ ಜಾಸ್ತಿ ಆಯಿತು. ಮನೆಯಲ್ಲಿ ಮೊತ್ತ ಹೇಳಿಲ್ಲ.

ಎನ್20 ಬಗ್ಗೆ ಸ್ವಲ್ಪ ಹೇಳಲೇಬೇಕು. ಕಿರುಬೆರಳಿನ ಒಂದು ಗೆಣ್ಣಿನಷ್ಟು ಮೋಟಾರು, ಅದರ ಮೂತಿಗೆ ಹಿತ್ತಾಳೆಯ ಗೇರ್ ಪೆಟ್ಟಿಗೆ. ಬೇರೆ ಬೇರೆ ವೇಗದ್ದು ಸಿಗುತ್ತವೆ. ನಾನು ತರಿಸಿದ್ದು 6 ವೋಲ್ಟಿಗೆ ನಿಮಿಷಕ್ಕೆ 100 ಸುತ್ತಿನದು. ಸೆಲ್ಲು ಒಂದೇ ಹಾಕಿದರೆ 3.7 ವೋಲ್ಟಿಗೆ ಅರವತ್ತು ಚಿಲ್ಲರೆ ಸುತ್ತು. ನಮ್ಮ ಚಕ್ರ 32 ಮಿಲಿಮೀಟರ್, ಒಂದು ಸುತ್ತಿಗೆ ಹತ್ತು ಸೆಂಟಿಮೀಟರ್ ಹೋಗುತ್ತದೆ. ಅಂದರೆ ಸೆಕೆಂಡಿಗೆ ಹತ್ತು ಸೆಂಟಿಮೀಟರ್ ಆಸುಪಾಸು. ಆಮೆ ನಡಿಗೆ. ಆದರೆ ತೊಗರಿ ಹೊತ್ತ ಲಾರಿ ಗಂಜ್ ರಸ್ತೆಯಲ್ಲಿ ಹೇಗೆ ಹೋಗುತ್ತದೆ? ಹಾಗೇ. ಕಳೆದುಕೊಂಡ ವೇಗವೆಲ್ಲ ಎಳೆಯುವ ಬಲವಾಗಿ ಬರುತ್ತದೆ.

ಕೂರಿಸುವುದು ಹೇಗೆ ಅನ್ನುವುದು ದೊಡ್ಡ ತಲೆನೋವಾಯಿತು. ಹಳೆ ಮೋಟಾರಿನ ಹಲ್ಲಿನ ರಂಧ್ರ 2 ಮಿಲಿಮೀಟರ್, ಎನ್20ಯ ಕಡ್ಡಿ 3. ಕೊರೆದರೆ ಹಲ್ಲೇ ಸೀಳುತ್ತದೆ. ಒಂದು ಸಂಜೆ ಎರಡು ಮೋಟಾರನ್ನು ಬೆನ್ನಿಗೆ ಬೆನ್ನು ಹಚ್ಚಿ ಸುಮ್ನೆ ಅಳೆದೆ. ಮೈ ಎರಡೂ ಸೇರಿ ಸುಮಾರು 48, ಕಡ್ಡಿ ಆಚೆ ಹತ್ತು ಈಚೆ ಹತ್ತು. 68. ಲಾರಿ 66. ಹಿಂದಿನ ಅಚ್ಚು, ಹಳೆ ಗೇರು ಎಲ್ಲ ಕಿತ್ತು ಎಸೆದೆ. ಚಕ್ರದ ಗುಂಬಕ್ಕೆ ರಂಧ್ರ ಕೊರೆದು ನೇರವಾಗಿ ಮೋಟಾರಿನ ಕಡ್ಡಿಗೇ ಸಿಕ್ಕಿಸಿದೆ. ಚಕ್ರಗಳು ಎರಡೂ ಬದಿ ಒಂದೊಂದು ಮಿಲಿಮೀಟರ್ ಹೊರಗೆ ಬಂದವು. ಚಂದವೇ ಕಂಡಿತು, ಲೋಡ್ ಲಾರಿಯ ಹಿಂದಿನ ಟೈರು ಹಾಗೇ ಅಲ್ವಾ ಇರುವುದು?

ಬೋರ್ಡಿನಲ್ಲಿ ಸುಟ್ಟ ಟ್ರಾನ್ಸಿಸ್ಟರ್ ಕಿತ್ತು, ಚಿಪ್ಪಿನ ಹನ್ನೊಂದು ಮತ್ತು ಹತ್ತನೇ ಕಾಲಿನಿಂದ ಡ್ರೈವರಿನ ಒಂದು ಬದಿಗೆ, ಆರು ಏಳರಿಂದ ಇನ್ನೊಂದು ಬದಿಗೆ ತಂತಿ ಎಳೆದೆ. ನೆಗೆಟಿವ್ ತಂತಿ ಎಲ್ಲದಕ್ಕೂ ಒಂದೇ. ಸ್ವಿಚ್ ಹಾಕಿದೆ. ಏನೂ ಇಲ್ಲ. ಬೆಸುಗೆ ಎಲ್ಲ ಎರಡು ಸಲ ಹಾಕಿದೆ. ಏನೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಆ ಉಗುರಿನಷ್ಟು ಬೋರ್ಡಿನ ಅಂಚಿನಲ್ಲಿ ಇಇಪಿ ಅಂತ ಬರೆದ ಕಾಲು ಕಂಡಿತು. ಅದು ಮಲಗಿಸುವ ಕಾಲು. ಅದಕ್ಕೆ ಪಾಸಿಟಿವ್ ಕೊಡದಿದ್ದರೆ ಡ್ರೈವರ್ ಏಳುವುದೇ ಇಲ್ಲ. ಒಂದು ಎಳೆ ತಂತಿ ಬೆಸೆದೆ. ಲಾರಿ ಎದ್ದಿತು.

ಎದ್ದು ನಿಂತಲ್ಲೇ ಗಿರಗಿರ ಸುತ್ತಿತು. ಮೋಟಾರುಗಳು ಬೆನ್ನಿಗೆ ಬೆನ್ನು ಇದ್ದವಲ್ಲ, ಎರಡಕ್ಕೂ ಒಂದೇ ಥರ ತಂತಿ ಕೊಟ್ಟಿದ್ದೆ. ಹಾಗಾಗಿ ಒಂದು ಚಕ್ರ ಮುಂದಕ್ಕೆ, ಒಂದು ಹಿಂದಕ್ಕೆ. ಮಗಳಿಗೆ ಅದೇ ಇಷ್ಟವಾಗಿ, ಹಾಗೇ ಇರಲಿ ಅಂತ ಹಟ ಹಿಡಿದಳು. ಅವಳು ಮಲಗಿದ ಮೇಲೆ ಒಂದರ ತಂತಿ ತಿರುಗಿಸಿದೆ.

ಆಮೇಲಿನ ತೊಂದರೆ ವಿಚಿತ್ರವಾಗಿತ್ತು. ಮೊದಲು ಎಂಟು ಮೀಟರ್ ದೂರದಿಂದ ಕೇಳುತ್ತಿದ್ದ ಲಾರಿ ಈಗ ಎರಡು ಹೆಜ್ಜೆ ಆಚೆ ಹೋದರೆ ಬಿಕ್ಕಳಿಸುತ್ತಿತ್ತು. ಒತ್ತಿದರೆ ಚಲಿಸುತ್ತದೆ, ನಿಲ್ಲುತ್ತದೆ, ಮತ್ತೆ ಚಲಿಸುತ್ತದೆ. ಕಸದ ಡಬ್ಬದಿಂದ ಹಳೆ ಮೋಟಾರ್ ತೆಗೆದು ನೋಡಿದಾಗ ಉತ್ತರ ಸಿಕ್ಕಿತು. ಅದರ ಎರಡು ತುದಿಯ ನಡುವೆ ಹೆಸರುಕಾಳಿನಷ್ಟು ಒಂದು ಕೆಪಾಸಿಟರ್, ಮೇಲೆ 104 ಅಂತ ಬರೆದದ್ದು. ಮೋಟಾರಿನ ಒಳಗಿನ ಬ್ರಶ್ ಕಿಡಿ ಹಾರಿಸುತ್ತದೆ. ಆ ಕಿಡಿಯೇ ರೇಡಿಯೋ ಗದ್ದಲ, 27 ಮೆಗಾಹರ್ಟ್ಜ್‌ನ ಬಡ ರಿಸೀವರ್‌ಗೆ ಅದು ಕಿವಿಯಲ್ಲಿ ತಮಟೆ ಬಾರಿಸಿದ ಹಾಗೆ. ಕೆಪಾಸಿಟರ್ ಆ ಗದ್ದಲವನ್ನು ಅಲ್ಲೇ ನುಂಗುತ್ತದೆ. ಎರಡು ಹೊಸ ಮೋಟಾರಿಗೂ ಒಂದೊಂದು ಬೆಸೆದೆ. ಒಂದೊಂದು ರೂಪಾಯಿಯ ವಸ್ತು. ಲಾರಿ ಅಂಗಳದ ಆ ತುದಿಯವರೆಗೆ ಮಾತು ಕೇಳಿತು.

ಚಕ್ರಕ್ಕೆ ಸೈಕಲ್ ಟ್ಯೂಬ್. ಹಳೆ ಟ್ಯೂಬನ್ನು ಉಂಗುರದ ಹಾಗೆ ಕತ್ತರಿಸಿ ಬಿಗಿಯಾಗಿ ಏರಿಸಿದೆ, ಒಂದರ ಮೇಲೊಂದು ಎರಡು ಪದರ. ಇಷ್ಟೆಲ್ಲದರಲ್ಲಿ ಅತಿ ಹೆಚ್ಚು ಫಲ ಕೊಟ್ಟಿದ್ದು ಇದೇ, ಖರ್ಚೂ ಇಲ್ಲ. ಇದನ್ನು ಮೊದಲ ದಿನವೇ ಮಾಡಬಹುದಿತ್ತು.

ತೊಗರಿ ಹಾಕಿ ಹತ್ತಿಸಿದರೆ ಮೂತಿ ಎತ್ತುತ್ತಿತ್ತು. ಎಳೆಯುವ ಚಕ್ರ ಹಿಂದೆ, ಭಾರವೂ ಹಿಂದೆ, ಏರಿನಲ್ಲಿ ಮುಂದಿನ ಚಕ್ರ ಗಾಳಿಯಲ್ಲಿ. ಸ್ಟೇರಿಂಗ್ ಇದ್ದರೂ ಇಲ್ಲದ ಹಾಗೆ. ಹುಮನಾಬಾದ್ ರಸ್ತೆಯ ಪಂಕ್ಚರ್ ಅಂಗಡಿಯಲ್ಲಿ ಚಕ್ರ ಬ್ಯಾಲೆನ್ಸ್ ಮಾಡಲು ಅಂಟಿಸುವ ತೂಕದ ತುಂಡು ಕೇಳಿದೆ. ಯಾವ ಗಾಡಿಗೆ ಅಂದರು. ಜೇಬಿನಿಂದ ತೆಗೆದು ತೋರಿಸಿದೆ. ಅಂಗಡಿಯ ಹುಡುಗರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ನಲವತ್ತು ಗ್ರಾಂ ಪುಕ್ಕಟೆ ಸಿಕ್ಕಿತು, ಕ್ಯಾಬಿನ್ ನೆಲಕ್ಕೆ ಅಂಟಿಸಿದೆ. ಭಾರ ಎಷ್ಟು ಕೆಳಗೆ ಕೂತರೆ ಅಷ್ಟು ಒಳ್ಳೆಯದು.

ಬೀದರ್‌ನಲ್ಲಿರುವ ಸಂಬಂಧಿ ಒಬ್ಬರ ಹತ್ತಿರ ಡಬ್ಲ್ಯುಪಿಎಲ್ ಸಿ24 ಅನ್ನುವ ರಿಮೋಟ್ ಗಾಡಿ ಇದೆ. 1:16ರದು, ನಾಲ್ಕೂ ಚಕ್ರಕ್ಕೆ ಎಳೆತ, ಎಲೆ ಸ್ಪ್ರಿಂಗು. ಲೋಹದ ಗೇರು, ಬೇರೆ ಟೈರು ಎಲ್ಲ ಪ್ಯಾಕೆಟ್‌ನಲ್ಲಿ ಸಿಗುತ್ತವೆ. ಫೋನಿನಲ್ಲಿ ನನ್ನ ಕಥೆ ಕೇಳಿ, ಅದನ್ನೇ ತಗೊಬೇಕಿತ್ತು ಅಂದರು. ದುಡ್ಡಿದ್ದವರು ತಗೊಳ್ಳಲಿ, ನಿಜಕ್ಕೂ ಒಳ್ಳೆ ಗಾಡಿ. ನನಗೆ ಈ ಹೆಸರಿಲ್ಲದ್ದರ ಮೇಲೇ ಮನಸ್ಸು ಕೂತಿತ್ತು.

ಅಷ್ಟರಲ್ಲಿ ಏಪ್ರಿಲ್ ಕೊನೆ. ನಮ್ಮೂರ ಏಪ್ರಿಲ್ ಗೊತ್ತಲ್ಲ, ಮಧ್ಯಾಹ್ನ 42, 43 ಡಿಗ್ರಿ. ಲಿಥಿಯಂ ಸೆಲ್ಲನ್ನು 45 ಡಿಗ್ರಿ ಮೀರಿದಲ್ಲಿ ಚಾರ್ಜ್ ಮಾಡಬಾರದು ಅಂತ ಅದರ ತಯಾರಕರೇ ಬರೆಯುತ್ತಾರೆ. ನೆರಳಿನಲ್ಲೇ 43 ಇದ್ದರೆ ಮಾಳಿಗೆ ಕೋಣೆಯಲ್ಲಿ ಎಷ್ಟಿರುತ್ತದೆ? ಟಿಪಿ4056 ಬೇರೆ ಚಾರ್ಜ್ ಮಾಡುವಾಗ ತಾನೇ ಬಿಸಿಯಾಗುವ ಬೋರ್ಡು. ಹಾಗಾಗಿ ಚಾರ್ಜ್ ಮಾಡುವುದು ಬೆಳಗಿನ ಐದಕ್ಕೆ, ಫರಸಿ ತಣ್ಣಗಿರುವಾಗ, ಸ್ಟೀಲ್ ತಟ್ಟೆಯ ಮೇಲಿಟ್ಟು, ಪಕ್ಕದಲ್ಲೇ ಕೂತು. ಲಾರಿ ಓಡಿಸುವುದೂ ಎಂಟರ ಒಳಗೆ. ಒಮ್ಮೆ ಮಧ್ಯಾಹ್ನ ಅಂಗಳದಲ್ಲಿ ಮರೆತುಬಿಟ್ಟಿದ್ದೆ, ಕ್ಯಾಬಿನ್‌ನ ಒಂದು ಬಾಗಿಲು ಬಾಗಿತು. ಇನ್ನೂ ಹಾಗೇ ಇದೆ.

ಲಾರಿಯ ಹಿಂದಿನ ಡಬ್ಬಕ್ಕೆ ರಟ್ಟಿನ ಹಲಗೆ ಏರಿಸಿದ ಮೇಲೆ ಪಾವ್ ಕಿಲೋ ರಾಶಿಯಾಗಿ ಹಿಡಿಯಿತು. ಒಂದು ದಿನ ಮಿಲ್ಲಿಗೆ ಒಯ್ದಿದ್ದೆ. ಊಟದ ಹೊತ್ತಿನಲ್ಲಿ ಹಮಾಲರ ಮುಂದೆ ಲೆಕ್ಕ ಹೇಳಿದೆ. ಲಾರಿ ಉದ್ದದಲ್ಲಿ 38 ಪಟ್ಟು ಚಿಕ್ಕದು, ಅಗಲದಲ್ಲೂ, ಎತ್ತರದಲ್ಲೂ. ಮೂರನ್ನೂ ಗುಣಿಸಿದರೆ 54,872. ಪಾವ್ ಕಿಲೋವನ್ನು ಅದರಿಂದ ಗುಣಿಸಿದರೆ ಹದಿಮೂರು ಮುಕ್ಕಾಲು ಟನ್ ಹತ್ತಿರ. ಹಿರಿಯ ಹಮಾಲರೊಬ್ಬರು ಲಾರಿಯನ್ನು ಒಂದು ಸುತ್ತು ಹಾಕಿ ಚಕ್ರ ಎಣಿಸಿದರು. ನಾಲ್ಕೇ.

"ಓವರ್‌ಲೋಡ್ ಆಗ್ಯಾದ್ರಿ ಸಾಹೇಬ್ರ. ಆರು ಚಕ್ರದ್ದಕ್ಕೂ ಇಷ್ಟು ಹಾಕಂಗಿಲ್ಲ."

ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಚಪ್ಪಡಿ ಒರಗಿಸಿದೆ. ಅವ್ವ ತಕ್ಕಡಿ ಹಿಡಿದು ತೂಗಿ ಕೊಟ್ಟಳು, ಒಂದು ಕಾಳು ಜಾಸ್ತಿ ಇಲ್ಲ. ಮಗಳು ರಿಮೋಟ್ ಹಿಡಿದಳು. ಒತ್ತಿ ಹಿಡಿಯಬೇಡ, ನಿಂತರೆ ಕೂಡಲೇ ಬಿಡು ಅಂತ ಹೇಳಿದ್ದೆ. ಮೂತಿ ಚಪ್ಪಡಿ ಹತ್ತಿತು. ಹಿಂದಿನ ಚಕ್ರ ಅಂಚಿಗೆ ತಾಗಿ ಒಂದು ಕ್ಷಣ ತಡೆಯಿತು, ಟ್ಯೂಬ್ ರಬ್ಬರ್ ಕಲ್ಲನ್ನು ಕಚ್ಚಿತು, ಏರಿತು. ಗೇರಿನ ಕಿರ್ ಕಿರ್ ಸದ್ದು ಬಿಟ್ಟರೆ ಯಾರೂ ಮಾತಾಡಲಿಲ್ಲ. ಅರ್ಧ ದಾರಿ. ಮುಕ್ಕಾಲು. ಮುಂದಿನ ಎರಡು ಚಕ್ರ ಕಟ್ಟೆಯ ಮೇಲೆ ಬಂದವು.

ಆಗ ಲಾರಿ ನಿಂತಿತು. ನಂತರ ಹಿಂದಕ್ಕೆ ಹೊರಟಿತು, ಅದೂ ಪೂರ್ತಿ ವೇಗದಲ್ಲಿ.

"ನಾ ಒತ್ತಿಲ್ಲ ಪಪ್ಪಾ!" ಅಂದಳು ಮಗಳು. ನಿಜ, ಅವಳ ಎರಡು ಬೆರಳೂ ಮೇಲಿದ್ದವು. ಲಾರಿ ಚಪ್ಪಡಿಯಿಂದ ಓರೆಯಾಗಿ ಇಳಿದು ಮಗುಚಿತು. ಪಾವ್ ಕಿಲೋ ತೊಗರಿ ಅಂಗಳದ ತುಂಬ ಹರಡಿತು. ತಲೆ ಎತ್ತಿ ನೋಡಿದರೆ ಪಕ್ಕದ ಮನೆಯ ಹುಡುಗ, ಈಗಷ್ಟೇ ಎದ್ದು ಬಂದವನು, ಕಣ್ಣು ತಿಕ್ಕುತ್ತಾ ತನ್ನ ರಿಮೋಟ್ ಹಿಡಿದು ಕಟ್ಟೆಯ ಮೇಲೆ ನಿಂತಿದ್ದ.

ಅವ್ವ ಒಳಗೆ ಹೋಗಿ ಮೊರ ತಂದಳು.